ಹೊಯ್ಸಳರ ಊರುಗಳ ಜೊತೆ ಯಾವ ಕಾಡು? ಮುತ್ತೋಡಿ, ಲಕ್ಕವಳ್ಳಿ, ಕಬಿನಿ ಪ್ರವಾಸಗಳ ಹೋಲಿಕೆ

ಹಾಸನ ಅಥವಾ ಚಿಕ್ಕಮಗಳೂರಿನ ಯಾವುದೇ ಟ್ರಾವೆಲ್ಸ್‌ಗೆ ಹೋಗಿ "ದೇವಸ್ಥಾನಾನೂ ಆಗ್ಬೇಕು, ಸಫಾರೀನೂ ಆಗ್ಬೇಕು" ಎಂದರೆ ಮೂರು ದಾರಿ ತೋರಿಸುತ್ತಾರೆ. ಬೇಲೂರು–ಹಳೇಬೀಡು ನೋಡಿ ಮುತ್ತೋಡಿಗೆ ಹೋಗುವುದು ಒಂದು. ತರೀಕೆರೆ ಕಡೆಯಿಂದ ಲಕ್ಕವಳ್ಳಿಗೆ ಹೋಗುವುದು ಇನ್ನೊಂದು. ಶ್ರವಣಬೆಳಗೊಳ, ಶ್ರೀರಂಗಪಟ್ಟಣ, ಮೈಸೂರು ದಾಟಿ ನಾಗರಹೊಳೆ ಅಂಚಿನ ಕಬಿನಿಗೆ ಇಳಿಯುವುದು ಮೂರನೆಯದು. ಕರಪತ್ರದಲ್ಲಿ ಮೂರೂ ಒಂದೇ ಥರ ಕಾಣುತ್ತವೆ, ದಾರಿಯಲ್ಲಿ ಮಾತ್ರ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ.

ಆಯ್ಕೆಗೆ ಮೊದಲು ಒಂದು ತೊಡಕು ಅರ್ಥವಾಗಬೇಕು. ಸಫಾರಿ ನಡೆಯುವುದು ದಿನಕ್ಕೆ ಎರಡೇ ಹೊತ್ತು: ಬೆಳಿಗ್ಗೆ ಸುಮಾರು 6ರಿಂದ 9, ಮಧ್ಯಾಹ್ನ 3ರ ನಂತರ ಕತ್ತಲಾಗುವ ಮುಂಚೆ. ಪ್ರಾಣಿಗಳು ತಿರುಗಾಡುವುದೂ ಆಗಲೇ. ದೇವಸ್ಥಾನದ ಕೆತ್ತನೆ ಎದ್ದು ಕಾಣುವುದೂ ಅದೇ ಹೊತ್ತಿನ ಓರೆ ಬಿಸಿಲಿನಲ್ಲಿ. ಬರಿಗಾಲಿಗೆ ಅಂಗಳದ ಚಪ್ಪಡಿ ಸಹ್ಯವಾಗಿರುವುದೂ ಆಗಲೇ. ಅಂದರೆ ಕಾಡು ಮತ್ತು ಕಲ್ಲು ಎರಡೂ ನಿಮ್ಮ ದಿನದ ಅದೇ ನಾಲ್ಕೈದು ಗಂಟೆಗಳಿಗೆ ಜಗಳ ಆಡುತ್ತವೆ. ಹಾಗಾಗಿ ಪ್ಯಾಕೇಜಿನಲ್ಲಿ ಎಷ್ಟು ಸ್ಥಳಗಳಿವೆ ಎಂದು ಎಣಿಸಬೇಡಿ. ರಾತ್ರಿ ಎಲ್ಲಿ ಉಳಿಸುತ್ತಾರೆ, ಯಾವ ಬೆಳಿಗ್ಗೆಯನ್ನು ಯಾವುದಕ್ಕೆ ಕೊಟ್ಟಿದ್ದಾರೆ, ಅದನ್ನು ನೋಡಿ. ಒಂದು ರಾತ್ರಿಯ ಪ್ರವಾಸದಲ್ಲಿ ಸಿಗುವುದು ಒಂದೇ ಬೆಳಿಗ್ಗೆ, ಆದ್ದರಿಂದ ಎರಡರಲ್ಲಿ ಒಂದು ಸೊರಗಲೇಬೇಕು. ಕನಿಷ್ಠ ಎರಡು ರಾತ್ರಿ ಬೇಕು ಎನ್ನುವುದು ಇದೇ ಕಾರಣಕ್ಕೆ.

ಮುತ್ತೋಡಿ: ಮೊದಲ ಸಲ ಬರುವವರಿಗೆ

ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ಎರಡು ಬಾಗಿಲು. ಚಿಕ್ಕಮಗಳೂರು ಕಡೆಯದು ಮುತ್ತೋಡಿ, ತರೀಕೆರೆ ಕಡೆಯದು ಲಕ್ಕವಳ್ಳಿ. ಕಾಡು ಒಂದೇ ಆದರೂ ನೋಡುವ ಬಗೆ ಬೇರೆ.

ಮುತ್ತೋಡಿಯ ಅನುಕೂಲವೆಂದರೆ ದೂರ. ಹಾಸನದಿಂದ ಹಳೇಬೀಡಿಗೆ ಸುಮಾರು 31 ಕಿ.ಮೀ., ಅಲ್ಲಿಂದ ಬೆಳವಾಡಿಗೆ ಹನ್ನೆರಡರ ಆಸುಪಾಸು, ಬೆಳವಾಡಿಯಿಂದ ಚಿಕ್ಕಮಗಳೂರಿಗೆ ಮೂವತ್ತರ ಒಳಗೆ. ಚಿಕ್ಕಮಗಳೂರಿಂದ ಮಲ್ಲಂದೂರು ಮೇಲೆ ಮುತ್ತೋಡಿಗೆ ಸುಮಾರು 35 ಕಿ.ಮೀ. ಆದರೆ ಈ ಕೊನೆಯ ತುಂಡು ಕಾಫಿ ತೋಟಗಳ ನಡುವಿನ ಕಿರಿದಾದ ತಿರುವು ರಸ್ತೆ. ಒಂದೂಕಾಲು ಗಂಟೆಗಿಂತ ಕಡಿಮೆ ಲೆಕ್ಕ ಹಾಕಬೇಡಿ. ಬೆಳಗಿನ ಸಫಾರಿಗೆ ಚಿಕ್ಕಮಗಳೂರಿನ ಹೋಟೆಲಿಂದ ಐದಕ್ಕೆ ಮೊದಲೇ ಹೊರಟಿರಬೇಕು. "ಆರಕ್ಕೆ ಪಿಕಪ್" ಎಂದು ಬರೆದ ಪ್ಯಾಕೇಜು ಬೆಳಗಿನ ಸಫಾರಿಯ ಅರ್ಧವನ್ನು ಕಳೆದೇ ಕೊಡುತ್ತದೆ. ಹೊತ್ತಿಗೆ ಸರಿಯಾಗಿ ಕಾಡಿನ ಬಾಗಿಲಲ್ಲಿ ಇರಬೇಕೆಂದರೆ ಅರಣ್ಯ ಇಲಾಖೆಯ ಕಾಟೇಜಿನಲ್ಲೋ, ಮಲ್ಲಂದೂರು ಆಸುಪಾಸಿನ ಹೋಂಸ್ಟೇಯಲ್ಲೋ ಉಳಿಯುವುದು ಮೇಲು.

ಹೊತ್ತಿನ ಹಂಚಿಕೆ ಹೀಗಿರಲಿ. ಮೊದಲ ದಿನ ಮಧ್ಯಾಹ್ನ ಎರಡರ ಹೊತ್ತಿಗೆ ಹಳೇಬೀಡು. ಹೊಯ್ಸಳೇಶ್ವರನ ಅತ್ಯುತ್ತಮ ಶಿಲ್ಪಗಳೆಲ್ಲ ಹಿಂಬದಿಯ, ಅಂದರೆ ಪಶ್ಚಿಮದ ಗೋಡೆಯ ಮೇಲಿವೆ. ಬೆಳಿಗ್ಗೆ ಹೋದವರು ಅವನ್ನು ನೆರಳಲ್ಲಿ ನೋಡಿ ಬರುತ್ತಾರೆ. ಮಧ್ಯಾಹ್ನ ಇಳಿಬಿಸಿಲು ಬಿದ್ದಾಗ ಆ ಗೋಡೆಯೇ ಬೇರೆ. ಜಗತಿಯ, ಅಂದರೆ ಗುಡಿಯ ಸುತ್ತಲಿನ ಎತ್ತರದ ಕಟ್ಟೆಯ ಮೇಲೆ ನಿಂತು ಕೆಳಗಿನಿಂದ ಮೇಲಕ್ಕೆ ಪಟ್ಟಿಗಳನ್ನು ಓದಿಕೊಂಡು ಹೋಗಿ: ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಆನೆಯ ಸಾಲಿನ ಮುಂದೆ ಕೂತು ಹತ್ತು ಆನೆಗಳನ್ನಾದರೂ ಒಂದೊಂದಾಗಿ ನೋಡಿ. ಒಂದರ ಸೊಂಡಿಲು ಮುಂದಿನದರ ಬಾಲದತ್ತ ಚಾಚಿದ್ದರೆ ಇನ್ನೊಂದರದು ಒಳಕ್ಕೆ ಸುರುಳಿಯಾಗಿರುತ್ತದೆ, ಮಾವುತನ ಕೂರುವ ಭಂಗಿಯೂ ಬದಲಾಗುತ್ತದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಬಿಟ್ಟಂತೆ ಗಟ್ಟಿಯಾಗುವುದರಿಂದಲೇ ಇಷ್ಟು ನಯದ ಕೆಲಸ ಸಾಧ್ಯವಾಯಿತು.

ಇದು ಬರೀ ದೇವಸ್ಥಾನವಲ್ಲ, ದೋರಸಮುದ್ರ ಎಂಬ ರಾಜಧಾನಿ. 1311ರಲ್ಲಿ ಮಲಿಕ್ ಕಾಫೂರನ ಸೈನ್ಯ ಬಂದದ್ದು ಈ ಊರಿಗೇ. ಹಾಗಾಗಿ ಹೊಯ್ಸಳೇಶ್ವರ ಮುಗಿಸಿ ಬಸ್ಸು ಹತ್ತಿಸುವ ಗೈಡು ಬೇಡ. ಬಸ್ತಿಹಳ್ಳಿಯ ಮೂರು ಜೈನ ಬಸದಿಗಳು, ಕೇದಾರೇಶ್ವರ, ಸಮಯವಿದ್ದರೆ ಹುಲಿಕೆರೆಯ ಮೆಟ್ಟಿಲ ಕಲ್ಯಾಣಿ ಸೇರಿದರೆ ಮಾತ್ರ ಊರಿನ ಅಳತೆ ಗೊತ್ತಾಗುತ್ತದೆ. ಪಾರ್ಶ್ವನಾಥ ಬಸದಿಯ ಒಳಗಿನ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಹೊಯ್ಸಳೇಶ್ವರನ ಆವರಣದಲ್ಲಿರುವ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

ಎರಡನೇ ಬೆಳಿಗ್ಗೆ ಮುತ್ತೋಡಿಗೆ. ಮೂರನೇ ಬೆಳಿಗ್ಗೆ ಚಿಕ್ಕಮಗಳೂರಿಂದ 25 ಕಿ.ಮೀ. ದೂರದ ಬೇಲೂರಿಗೆ, ಬಾಗಿಲು ತೆರೆಯುವ ಹೊತ್ತಿಗೇ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ಪೂರ್ವಕ್ಕೆ ಮುಖ ಮಾಡಿದ್ದಾನೆ, ಮುಂಬಾಗಿಲ ಮದನಿಕೆಗಳಿಗೆ, ಅಂದರೆ ಶಿಲಾಬಾಲಿಕೆಯರಿಗೆ, ಎಳೆಬಿಸಿಲು ನೇರವಾಗಿ ಬೀಳುತ್ತದೆ. ಮದನಿಕೆಗಳು ಒಟ್ಟು 42. ಅವುಗಳಲ್ಲಿ ನಾಲ್ಕು ನವರಂಗ ಎಂಬ ಒಳಮಂಟಪದ ಒಳಗೆ, ಮೇಲೆ, ಕತ್ತಲಲ್ಲಿ. ಕೈಯಲ್ಲಿ ಒಳ್ಳೆಯ ಟಾರ್ಚ್ ಇಲ್ಲದವರಿಗೆ ಆ ನಾಲ್ಕೂ ಕಾಣುವುದಿಲ್ಲ, ಮೊಬೈಲ್ ಬೆಳಕು ಅಷ್ಟು ಎತ್ತರಕ್ಕೆ ಸಾಲದು. ಹತ್ತೂವರೆ ದಾಟಿದರೆ ಅಂಗಳದ ಚಪ್ಪಡಿ ಕಾಯತೊಡಗುತ್ತದೆ. ದಪ್ಪ ಹತ್ತಿಯ ಸಾಕ್ಸ್ ಇಟ್ಟುಕೊಂಡಿರಿ, ಮಕ್ಕಳಿಗೂ. ಇದು ಪೂಜೆ ನಡೆಯುವ ದೇವಸ್ಥಾನ, ಮಧ್ಯಾಹ್ನ ಗರ್ಭಗುಡಿ ಮುಚ್ಚುತ್ತಾರೆ.

ಇನ್ನು ಮುತ್ತೋಡಿಯ ಕಾಡಿನ ವಿಷಯ. ಇಲ್ಲಿ ಹುಲಿ ಸಿಕ್ಕೇ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಆ ಪ್ಯಾಕೇಜು ಅಲ್ಲಿಗೇ ಬಿಡಿ. ಭದ್ರೆಯಲ್ಲಿ ಹುಲಿಗಳಿವೆ, ಆದರೆ ಇದು ಎತ್ತರದ ಮರ, ಬಿದಿರು, ದಟ್ಟ ಪೊದೆಯ ತೇವದ ಕಾಡು. ರಸ್ತೆಯಿಂದ ಹತ್ತು ಹೆಜ್ಜೆ ಆಚೆ ಪ್ರಾಣಿ ನಿಂತಿದ್ದರೂ ಕಾಣದಿರಬಹುದು. ಇಲ್ಲಿ ನಂಬಿಕೆಯಿಟ್ಟು ನೋಡಬಹುದಾದದ್ದು ಕಾಟಿ (ಕಾಡುಕೋಣ), ಜಿಂಕೆ, ಕಡವೆ, ಕೆಂದಳಿಲು, ಮಂಗಟ್ಟೆ ಹಕ್ಕಿ, ಆಗಾಗ ಆನೆ, ಅದೃಷ್ಟವಿದ್ದರೆ ಸೀಳುನಾಯಿ. 1980ರ ದಶಕದ ಕೊನೆಯಲ್ಲಿ ದನಗಳಿಂದ ಬಂದ ದೊಡ್ಡರೋಗ (ರಿಂಡರ್‌ಪೆಸ್ಟ್) ಇಲ್ಲಿಯ ಕಾಟಿಗಳನ್ನು ಹಿಂಡುಹಿಂಡಾಗಿ ಕೊಂದಿತ್ತು. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಮೇಲೆ, 2002ರ ಹೊತ್ತಿಗೆ ಒಳಗಿನ ಹಳ್ಳಿಗಳ ಜನ ತರೀಕೆರೆ ಬಳಿಯ ಎಂ.ಸಿ. ಹಳ್ಳಿ ಮುಂತಾದ ಕಡೆ ನೆಲೆಸಿದರು. ಅವರು ಬಿಟ್ಟುಬಂದ ಗದ್ದೆಗಳು ಇಂದು ಹುಲ್ಲಿನ ಹಡ್ಲುಗಳು. ಕಾಟಿ, ಜಿಂಕೆ ಮೇಯುವುದು ಅಲ್ಲೇ. ಆ ಹುಲ್ಲು ಒಂದು ಸಮುದಾಯ ತನ್ನ ನೆಲ ಬಿಟ್ಟುಕೊಟ್ಟದ್ದರ ಫಲ ಎಂಬುದನ್ನು ಹೇಳುವ ಗೈಡು ಸಿಕ್ಕರೆ ಅವನ ಮಾತು ಕೇಳಿ.

ಇಂಥ ಕಾಡಿನಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಒಳ್ಳೆಯ ಚಾಲಕ ಹಡ್ಲಿನ ಅಂಚಿಗೆ ಬಂದಕೂಡಲೇ ಇಂಜಿನ್ ನಿಲ್ಲಿಸಿ ಐದು ನಿಮಿಷ ಸುಮ್ಮನಿರುತ್ತಾನೆ. ಮರದ ಮೇಲಿಂದ ಮುಸಿಯ (ಕರಿಮೂತಿಯ ಕೋತಿ) ಕೆಮ್ಮಿದಂತೆ ಒರಲಿದರೆ, ಅದಕ್ಕೆ ಕೆಳಗಿನಿಂದ ಕಡವೆಯ ಗಟ್ಟಿ ಕೂಗು ಸೇರಿದರೆ ಚಿರತೆಯೋ ಹುಲಿಯೋ ಓಡಾಡುತ್ತಿದೆ ಎಂದರ್ಥ. ಜಿಂಕೆ ಮಾತ್ರ ಕೂಗಿದರೆ ಅಷ್ಟು ಖಚಿತವಲ್ಲ, ಅದು ಸಣ್ಣಪುಟ್ಟದ್ದಕ್ಕೂ ಹೆದರುತ್ತದೆ. ವಾಹನದಲ್ಲಿ ಮಾತಾಡುವ ಗುಂಪಿದ್ದರೆ ಇದೆಲ್ಲ ಹೋಯಿತು. ಆದ್ದರಿಂದ ಆದಷ್ಟು ಬಸ್ಸಿಗಿಂತ ಜೀಪು ಕೇಳಿ.

ಲಕ್ಕವಳ್ಳಿ: ಬೇಲೂರು ಒಮ್ಮೆ ನೋಡಿದವರಿಗೆ

ಹೆಚ್ಚಿನ ಪ್ಯಾಕೇಜುಗಳು ಲಕ್ಕವಳ್ಳಿಯನ್ನು ಬೇಲೂರು–ಹಳೇಬೀಡಿಗೆ ಹೊಲಿಯುತ್ತವೆ. ಅದು ಸರಿಯಾದ ಜೋಡಿಯಲ್ಲ. ಬೇಲೂರಿಂದ ಲಕ್ಕವಳ್ಳಿಗೆ ಎರಡೂವರೆ ಗಂಟೆಗೂ ಮೇಲೆ ಹಿಡಿಯುತ್ತದೆ, ದಿನದ ಒಳ್ಳೆಯ ಹೊತ್ತೆಲ್ಲ ಗಾಡಿಯಲ್ಲೇ ಕಳೆಯುತ್ತದೆ. ಲಕ್ಕವಳ್ಳಿಯ ಸಹಜ ಜೊತೆಗಾರ ಅಮೃತಾಪುರ. ತರೀಕೆರೆಯಿಂದ ಸುಮಾರು 10 ಕಿ.ಮೀ. ಅಲ್ಲಿಗೆ, ಸುಮಾರು 20 ಕಿ.ಮೀ. ಲಕ್ಕವಳ್ಳಿಗೆ. ತರೀಕೆರೆಗೆ ರೈಲೂ ಇದೆ, ಬೀರೂರು–ಶಿವಮೊಗ್ಗ ಮಾರ್ಗದಲ್ಲಿ. ಹಾಸನದಿಂದ ಬರುವವರಿಗೆ ಅರಸೀಕೆರೆ, ಕಡೂರು, ಬೀರೂರು ಮೇಲಿನ ಹೆದ್ದಾರಿ ಘಾಟಿಯ ರಸ್ತೆಗಿಂತ ಸಲೀಸು.

ಅಮೃತೇಶ್ವರ ದೇವಾಲಯ 1196ರದು, ಎರಡನೇ ವೀರ ಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು. ತೆರೆದ ಮುಖಮಂಟಪದ ಸುತ್ತಗೋಡೆಯಲ್ಲಿ ದಕ್ಷಿಣಕ್ಕೆ ರಾಮಾಯಣ, ಉತ್ತರಕ್ಕೆ ಕೃಷ್ಣಕಥೆ ಮತ್ತು ಮಹಾಭಾರತ. ರಾಮಾಯಣದ ಫಲಕಗಳು ಸಾಗುವುದು ಅಪ್ರದಕ್ಷಿಣೆಯಾಗಿ. ಇದು ಗೊತ್ತಿಲ್ಲದೆ ಎಡದಿಂದ ಸುತ್ತು ಹೊಡೆದವರಿಗೆ ಕಥೆ ಹಿಂದುಮುಂದಾಗುತ್ತದೆ. ಒಳಗೆ ತಲೆಯೆತ್ತಿ ಭುವನೇಶ್ವರಿಗಳನ್ನು, ಅಂದರೆ ಕೆತ್ತನೆಯ ಛಾವಣಿಗಳನ್ನು ನೋಡಿ. ಮುಂದೆ 1258ರ ಸೋಮನಾಥಪುರದಲ್ಲಿ ಹೆಸರು ಕೆತ್ತಿದ ರೂವಾರಿ ಮಲ್ಲಿತಮ್ಮ ತನ್ನ ಕೆಲಸ ಶುರುಮಾಡಿದ್ದು ಇಲ್ಲಿಯ ಛಾವಣಿಗಳಲ್ಲಿ. ಅಂಗಳದ ದೊಡ್ಡ ಶಾಸನದಲ್ಲಿ ಕವಿ ಜನ್ನನ ಪದ್ಯಗಳಿವೆ. ಬೇಲೂರಿನ ಜನಜಂಗುಳಿಯಿಲ್ಲದೆ ಒಂದೂವರೆ ಗಂಟೆ ಕಳೆಯಬಹುದಾದ ಇಂಥ ಹೊಯ್ಸಳ ಗುಡಿ ಕಡಿಮೆ. ಪ್ಯಾಕೇಜಿನವರು ಇದನ್ನು ಬಿಟ್ಟಿದ್ದರೆ ಸೇರಿಸಿ ಎಂದು ಹಟ ಹಿಡಿಯಿರಿ.

ಕಾಡಿನ ಕಡೆ ಲಕ್ಕವಳ್ಳಿಯ ಹೆಚ್ಚುಗಾರಿಕೆ ಭದ್ರಾ ಜಲಾಶಯ. ಜೀಪಿನ ಜೊತೆ ದೋಣಿ ಸಫಾರಿಯೂ ಇದೆ. ಜನವರಿಯಿಂದ ನೀರು ಇಳಿದಂತೆ ಹಿನ್ನೀರಿನಲ್ಲಿ ಸಣ್ಣ ನಡುಗಡ್ಡೆಗಳು ತಲೆಯೆತ್ತುತ್ತವೆ. ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಬಂದು ಬರೀ ನೆಲದ ಮೇಲೇ ಮೊಟ್ಟೆಯಿಡುತ್ತವೆ. ಮಾರ್ಚ್–ಏಪ್ರಿಲ್‌ನಲ್ಲಿ ಮರಿಗಳ ಸದ್ದು ದೋಣಿಗೆ ದೂರದಿಂದಲೇ ಕೇಳುತ್ತದೆ. ಮಳೆ ಚೆನ್ನಾಗಿ ಬಂದು ಜಲಾಶಯ ಬಹುಕಾಲ ತುಂಬಿಯೇ ಉಳಿದ ವರ್ಷ ನಡುಗಡ್ಡೆಗಳು ತಡವಾಗಿ ಕಾಣುತ್ತವೆ, ಆದ್ದರಿಂದ ಈ ಹಕ್ಕಿಗಳಿಗಾಗಿಯೇ ಹೋಗುವವರು ಬುಕ್ ಮಾಡುವಾಗ ನೀರಿನ ಮಟ್ಟ ಕೇಳಬೇಕು. ದೋಣಿಯವರನ್ನು ನಡುಗಡ್ಡೆಗೆ ಹತ್ತಿರ ಒಯ್ಯಿ ಎಂದು ಒತ್ತಾಯಿಸಬೇಡಿ. ತಾಯಿಹಕ್ಕಿ ಎದ್ದುಹೋದ ಸ್ವಲ್ಪ ಹೊತ್ತಿನಲ್ಲೇ ಸುಡುಬಿಸಿಲಿಗೆ ಮೊಟ್ಟೆ ಕೆಡುತ್ತದೆ.

ಇಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನ ವಸತಿ ಇದೆ. ಅವರ ರೂಢಿಯಂತೆ ಮಧ್ಯಾಹ್ನ ಒಳಗೆ ಬಂದರೆ ಸಂಜೆ ಒಂದು ಸಫಾರಿ, ಮರುಬೆಳಿಗ್ಗೆ ಇನ್ನೊಂದು, ತಿಂಡಿ ಮುಗಿಸಿ ಖಾಲಿ ಮಾಡುವುದು. ಊಟ, ವಸತಿ, ಎರಡು ಸಫಾರಿ ಒಂದೇ ದರದಲ್ಲಿ ಬರುತ್ತವೆ. ಹಾಗಾಗಿ ಮಧ್ಯವರ್ತಿಯ ಪ್ಯಾಕೇಜಿನಲ್ಲಿ "ಸಫಾರಿ ಶುಲ್ಕ ಪ್ರತ್ಯೇಕ" ಎಂದು ಮತ್ತೆ ಸೇರಿಸಿದ್ದರೆ ಪ್ರಶ್ನಿಸಿ.

ಕಬಿನಿ: ಪ್ರಾಣಿಯೇ ಮುಖ್ಯ ಎನ್ನುವವರಿಗೆ

ಆನೆಗಳ ಹಿಂಡು, ಹುಲಿ, ಚಿರತೆ ನೋಡುವ ಆಸೆಯೇ ದೊಡ್ಡದಾದರೆ ಭದ್ರೆಗಿಂತ ಕಬಿನಿ ಮೇಲು ಎಂದು ನೇರವಾಗಿ ಹೇಳುವುದೇ ಸರಿ. ಕಾರಣ ನೀರು. ಫೆಬ್ರವರಿಯಿಂದ ಮೇ ವರೆಗೆ ಕಬಿನಿ ಜಲಾಶಯ ಇಳಿದಂತೆ ತಳದ ಮಣ್ಣಿನಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಸುತ್ತಲಿನ ನಾಗರಹೊಳೆ, ಬಂಡೀಪುರ, ವಯನಾಡು ಕಾಡುಗಳು ಒಣಗಿರುವಾಗ ಆನೆಗಳಿಗೆ ಹುಲ್ಲೂ ನೀರೂ ಒಂದೇ ಕಡೆ ಸಿಗುತ್ತವೆ, ಅದೂ ಬಯಲಲ್ಲಿ. ಮುಂಗಾರು ಬಂದು ಹುಲ್ಲು ಮುಳುಗಿದ ಮೇಲೆ ಹಿಂಡುಗಳು ಚದುರುತ್ತವೆ. ಆಗಸ್ಟ್‌ನಲ್ಲಿ ಹೋಗಿ ಏಪ್ರಿಲ್‌ನ ಫೋಟೋದಂಥ ನೋಟ ಬಯಸಿದರೆ ನಿರಾಸೆಯೇ.

ಇದಕ್ಕೆ ತೆರಬೇಕಾದ ಬೆಲೆ ದಾರಿ. ಹಾಸನದಿಂದ ಶ್ರವಣಬೆಳಗೊಳ ಸುಮಾರು 50 ಕಿ.ಮೀ. ವಿಂಧ್ಯಗಿರಿಯನ್ನು ಬರಿಗಾಲಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. ಒಂಬತ್ತರೊಳಗೆ ಹತ್ತಿ ಇಳಿದುಬಿಡಿ, ಹನ್ನೊಂದಕ್ಕೆ ಬಂಡೆ ಕೆಂಡ. ಮಂಡಿನೋವಿನವರಿಗೆ ಡೋಲಿ ಸಿಗುತ್ತದೆ, ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ. ಅಲ್ಲಿಂದ ಶ್ರೀರಂಗಪಟ್ಟಣ, 1799ರಲ್ಲಿ ಟಿಪ್ಪು ಬಿದ್ದ ಕೋಟೆ, ದರಿಯಾ ದೌಲತ್, ಗುಂಬಜ್. ಪಕ್ಕದಲ್ಲೇ ರಂಗನತಿಟ್ಟು, ದೋಣಿಯಿಂದ ಕೊಕ್ಕರೆಗಳನ್ನೂ ಮೊಸಳೆಗಳನ್ನೂ ಹತ್ತಿರದಲ್ಲೇ ನೋಡಬಹುದು. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ. ಆ ರಾತ್ರಿ ಮೈಸೂರಲ್ಲೇ ಉಳಿಯಿರಿ. ಭಾನುವಾರವಾದರೆ ಅರಮನೆಯ ದೀಪಾಲಂಕಾರವೂ ಸಿಗುತ್ತದೆ. ಮರುದಿನ ಬೆಳಿಗ್ಗೆ ಸೋಮನಾಥಪುರಕ್ಕೆ ಹೋಗಿಬಂದರೆ 2023ರಲ್ಲಿ ವಿಶ್ವಪರಂಪರೆ ಪಟ್ಟಿ ಸೇರಿದ ಮೂರು ಹೊಯ್ಸಳ ಗುಡಿಗಳಲ್ಲಿ ಒಂದನ್ನಾದರೂ ಈ ದಾರಿಯಲ್ಲಿ ನೋಡಿದಂತಾಗುತ್ತದೆ. ನಂತರ ಕಬಿನಿಗೆ ಹೊರಡಿ. ಶ್ರವಣಬೆಳಗೊಳದ ದಿನವೇ ಸಂಜೆ ಸಫಾರಿ ಎಂದು ಬರೆದಿದ್ದರೆ ಅದು ಆಗದ ಮಾತು.

ಇಲ್ಲಿ ಇನ್ನೊಂದು ಎಚ್ಚರಿಕೆ. 2025ರ ನವೆಂಬರ್‌ನಲ್ಲಿ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನು ಸರ್ಕಾರ ನಿಲ್ಲಿಸಿತ್ತು. ಹಳ್ಳಿಯವರ ಸಂಕಟದ ಮುಂದೆ ನಮ್ಮ ಸಫಾರಿ ಚಿಕ್ಕದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂಗಡ ಕೊಡುವ ಮೊದಲು ಸಫಾರಿ ನಡೆಯುತ್ತಿದೆಯೇ, ರದ್ದಾದರೆ ಹಣ ವಾಪಸ್ ಎಷ್ಟು ದಿನದಲ್ಲಿ ಎಂಬುದನ್ನು ಬರಹದಲ್ಲಿ ಪಡೆಯಿರಿ. ರೂಮಿನ ಹಣ, ಸಫಾರಿಯ ಹಣ ಬೇರೆಬೇರೆ ನಮೂದಾಗಿರಲಿ.

ಗಾಡಿಯ ಲೆಕ್ಕ

ಹೆಚ್ಚು ದುಡ್ಡು ಸೋರುವುದು ಇಲ್ಲೇ. ಹೊರಊರಿನ ಬಾಡಿಗೆಗೆ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಎಂದು ಲೆಕ್ಕ ಹಾಕುತ್ತಾರೆ, ಮೇಲೆ ಡ್ರೈವರ್ ಬಾಟಾ. ಈಗ ಮುತ್ತೋಡಿ ಪ್ರವಾಸವನ್ನು ಕೂಡಿ ನೋಡಿ: ಮೊದಲ ದಿನ ಸುಮಾರು 72, ಎರಡನೇ ದಿನ ಹೋಗಿಬರಲು 70, ಮೂರನೇ ದಿನ ಬೇಲೂರು ನೋಡಿ ಹಾಸನಕ್ಕೆ 63ರ ಸುಮಾರು. ಮೂರು ದಿನಕ್ಕೆ 205 ಕಿ.ಮೀ. ಓಡಿ 750 ಕಿ.ಮೀ.ಗೆ ದುಡ್ಡು ಕಟ್ಟಿದಂತೆ. ಆದ್ದರಿಂದ ಈ ದಾರಿಗೆ ಹಾಸನ ಅಥವಾ ಚಿಕ್ಕಮಗಳೂರಿನ ಸ್ಥಳೀಯ ಗಾಡಿಯನ್ನೇ ಹಿಡಿದು ದಿನದ ಬಾಡಿಗೆ ಮತ್ತು ಡೀಸೆಲ್ ಎಂದು ಮಾತಾಡಿ. ಬೆಂಗಳೂರಿಂದಲೇ ಗಾಡಿ ತರುವುದಕ್ಕಿಂತ ಹಾಸನದವರೆಗೆ ರೈಲಿನಲ್ಲೋ ಬಸ್ಸಿನಲ್ಲೋ ಬರುವುದು ಅಗ್ಗ. ಕಬಿನಿ ಸುತ್ತು ಹಾಸನಕ್ಕೆ ಮರಳುವ ತನಕ ನಾನೂರು ದಾಟುವುದರಿಂದ ಅಲ್ಲಿ ಕಿ.ಮೀ. ಲೆಕ್ಕ ಅಷ್ಟು ನಷ್ಟವಲ್ಲ. ಹಾಸನ–ಬೇಲೂರು–ಚಿಕ್ಕಮಗಳೂರು ನಡುವೆ ಸರ್ಕಾರಿ ಬಸ್ಸು ಧಾರಾಳವಾಗಿದೆ, ಆದರೆ ಬೆಳಗಿನ ಸಫಾರಿಯ ಹೊತ್ತಿಗೆ ಮುತ್ತೋಡಿ ತಲುಪಿಸುವ ಬಸ್ಸನ್ನು ನಂಬಿಕೊಳ್ಳಬೇಡಿ. ಸ್ವಂತ ಕಾರಿದ್ದರೂ ಅದು ಸಫಾರಿ ಕೌಂಟರ್‌ವರೆಗೆ ಮಾತ್ರ, ಕಾಡಿನೊಳಗೆ ಇಲಾಖೆಯ ಅಥವಾ ಜಂಗಲ್ ಲಾಡ್ಜಸ್‌ನ ವಾಹನವೇ. ದೊಡ್ಡ ಲೆನ್ಸಿನ ಕ್ಯಾಮೆರಾಗೆ ಪ್ರತ್ಯೇಕ ಶುಲ್ಕ ಉಂಟು, ಗುರುತಿನ ಚೀಟಿ ಕಡ್ಡಾಯ.

ಗೈಡಿನ ಮಾತೂ ಇಷ್ಟೇ ಮುಖ್ಯ. ಪ್ಯಾಕೇಜಿನ ಜೊತೆ ಬರುವ ಒಬ್ಬನೇ ಗೈಡು ಶಿಲ್ಪವನ್ನೂ ಹಕ್ಕಿಯನ್ನೂ ಬಲ್ಲವನಾಗಿರುವುದು ಅಪರೂಪ. ಬೇಲೂರು, ಹಳೇಬೀಡಿನ ಬಾಗಿಲಲ್ಲೇ ಗುರುತಿನ ಚೀಟಿ ಇರುವ ಅಧಿಕೃತ ಗೈಡುಗಳು ಸಿಗುತ್ತಾರೆ. ಕನ್ನಡದಲ್ಲೇ ಹೇಳಿ ಎಂದರೆ ಅವರ ವಿವರಣೆಗೆ ಬೇರೆಯೇ ಜೀವ ಬರುತ್ತದೆ.

ಯಾವಾಗ, ಮತ್ತು ರಸ್ತೆಯ ಆನೆಗಳು

ಮೂರಕ್ಕೂ ಒಪ್ಪುವ ಹೊತ್ತು ಫೆಬ್ರವರಿಯಿಂದ ಮಾರ್ಚ್ ಮಧ್ಯ. ಎಲೆ ಉದುರಿ ಕಾಡು ಬಯಲಾಗಿರುತ್ತದೆ, ಕಲ್ಲು ಇನ್ನೂ ಪೂರ್ತಿ ಕಾಯುವುದಿಲ್ಲ. ಕಾಳ್ಗಿಚ್ಚಿನ ಅಪಾಯ ಹೆಚ್ಚಾದರೆ ಸಫಾರಿ ನಿಲ್ಲಬಹುದು. ಮಳೆಗಾಲದಲ್ಲಿ ಬೇಲೂರಿನ ಕಲ್ಲು ತೊಳೆದಿಟ್ಟಂತೆ ಚೆಂದ, ಆದರೆ ಮುತ್ತೋಡಿಯಲ್ಲಿ ಇಂಬಳ, ಹದಗೆಟ್ಟ ರಸ್ತೆ. ಬೇಸಿಗೆಯಲ್ಲಿ ಮಲೆನಾಡಿನ ಕಾಡಲ್ಲಿ ಉಣುಗು ಇರುತ್ತವೆ, ಮಂಗನ ಕಾಯಿಲೆಯ ಕಾಲವೂ ಅದೇ. ತರಗೆಲೆಯ ಮೇಲೆ ಕೂರಬೇಡಿ, ಪೂರ್ತಿ ತೋಳಿನ ಅಂಗಿ ತೊಡಿ, ಬಂದಕೂಡಲೇ ಬಿಸಿನೀರ ಸ್ನಾನ ಮಾಡಿ ಬಟ್ಟೆ ಒಗೆಯಲು ಹಾಕಿ. ದೀಪಾವಳಿಯ ಆಸುಪಾಸು ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಹಾಸನದಲ್ಲಿ ರೂಮು ಸಿಗುವುದು ಕಷ್ಟ. ಡಿಸೆಂಬರಿನ ದತ್ತ ಜಯಂತಿಯ ದಿನಗಳಲ್ಲಿ ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ ಕಡೆ ಪ್ರವಾಸಿಗರಿಗೆ ನಿರ್ಬಂಧವಿರುತ್ತದೆ. ಪ್ಯಾಕೇಜಿನವರು ಗಿರಿಯನ್ನೂ ಸೇರಿಸಿದ್ದರೆ ಅದು ಆಗುತ್ತದೆಯೇ ಎಂದು ಕೇಳಿಕೊಳ್ಳಿ.

ಕೊನೆಯದಾಗಿ, ಸಫಾರಿಗೆ ದುಡ್ಡು ಕೊಟ್ಟು ಹುಡುಕುವ ಆನೆ ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ಕಾಫಿ ತೋಟದಿಂದ ರಸ್ತೆಗೇ ಬರುತ್ತದೆ. ಬಿಕ್ಕೋಡು, ಅರೇಹಳ್ಳಿ ಕಡೆಯ ರಸ್ತೆಗಳಲ್ಲಿ ಸಂಜೆ ಆರರ ನಂತರ, ನಸುಕಿನಲ್ಲಿ ಸಂಚರಿಸುವ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಈ ಆನೆಗಳಿಂದ ಇಲ್ಲಿಯ ತೋಟದ ಕಾರ್ಮಿಕರು ಜೀವ ಕಳೆದುಕೊಂಡಿದ್ದಾರೆ, ಇದು ನೋಡುವ ಮೋಜಲ್ಲ. ಎದುರಾದರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಹೊಡೆಯಬೇಡಿ, ಫ್ಲ್ಯಾಶ್ ಬೇಡ, ಯಾರೂ ಕೆಳಗಿಳಿಯಬೇಡಿ, ಇಂಜಿನ್ ಚಾಲೂ ಇಟ್ಟುಕೊಂಡು ನಿಧಾನ ಹಿಂದೆ ಸರಿಯಿರಿ. ಒಂದು ದಾಟಿತೆಂದು ಕೂಡಲೇ ಮುಂದೆ ಹೋಗಬೇಡಿ, ಹಿಂದೆ ಮರಿಯೊಂದಿಗೆ ಇನ್ನೊಂದು ಇರುವುದು ಸಾಮಾನ್ಯ. ದಾರಿಬದಿಯ ಎಚ್ಚರಿಕೆ ಫಲಕದಲ್ಲಿ ಆನೆ ಇರುವ ಜಾಗ ತೋರಿಸಿದ್ದರೆ ಆ ದಾರಿ ಬಿಟ್ಟು ಹಾಸನ–ಬೇಲೂರು ಮುಖ್ಯರಸ್ತೆಗೆ ತಿರುಗಿ. ಬುಕ್ ಮಾಡುವಾಗಲೇ ಡ್ರೈವರಿಗೆ ಈ ಮಾತು ಹೇಳಿಬಿಡಿ. ಹೊರಗಿನಿಂದ ಬಂದ ಡ್ರೈವರು ಮ್ಯಾಪು ತೋರಿಸಿದ ಒಳದಾರಿ ಹಿಡಿದಾಗಲೇ ಹೆಚ್ಚು ಅಪಾಯ.